ಗೋಮಾಳಕ್ಕೆ ಬಿಡುವು ಕೊಡುವ ಕ್ರಮ: ಹುಲ್ಲು, ಮಣ್ಣಿನ ಇಂಗಾಲ ಮತ್ತು ಮೀಥೇನ್ ಲೆಕ್ಕ

ಬಯಲುಸೀಮೆಯ ಗೋಮಾಳ ಹೆಚ್ಚು ಹಾಳಾಗುವುದು ಬೇಸಿಗೆಯ ಉರಿಯಲ್ಲಲ್ಲ, ಮುಂಗಾರಿನ ಮೊದಲ ಮೂರು-ನಾಲ್ಕು ವಾರಗಳಲ್ಲಿ. ಭರಣಿ, ಕೃತ್ತಿಕೆ ಮಳೆ ಬಿದ್ದ ಕೂಡಲೇ ಹುಲ್ಲಿನ ಬುಡ ತಾನು ಕೂಡಿಟ್ಟುಕೊಂಡ ಸತ್ವವನ್ನೆಲ್ಲ ಸುರಿದು ಎರಡೆಲೆ ಚಿಗುರಿಸುತ್ತದೆ. ಮುಂದಿನ ಎಲೆಗಳಿಗೆ ಆ ಎರಡೆಲೆಯೇ ಬಂಡವಾಳ. ಬೇಸಿಗೆಯಿಡೀ ಒಣ ಸೊಪ್ಪೆ ಜಗಿದ ದನಕುರಿಗಳನ್ನು ಅದೇ ವಾರ ಬಿಟ್ಟರೆ ಚಿಗುರು ಹೋಗುತ್ತದೆ. ಬುಡ ಇನ್ನೊಮ್ಮೆ ಚಿಗುರುತ್ತದೆ, ಅದೂ ಹೋಗುತ್ತದೆ. ವರ್ಷ ವರ್ಷ ಹೀಗೇ ನಡೆದರೆ ದನಕ್ಕೆ ರುಚಿಸುವ ಬಹುವಾರ್ಷಿಕ ಹುಲ್ಲು ಸತ್ತು ಕಾಂಗ್ರೆಸ್ ಕಳೆ, ತಂಗಡಿ, ಬಳ್ಳಾರಿ ಜಾಲಿ, ನಡುನಡುವೆ ಬರಿ ನೆಲ ಉಳಿಯುತ್ತದೆ.

ಹವಾಮಾನದ ಲೆಕ್ಕವೂ ಇಲ್ಲಿಂದಲೇ ಶುರು. ಹುಲ್ಲುಗಾವಲಿನ ಇಂಗಾಲದ ಬಹುಪಾಲು ಇರುವುದು ನೆಲದಡಿಯಲ್ಲಿ, ಬೇರಿನಲ್ಲಿ ಮತ್ತು ಬೇರು ಕೊಳೆತು ಸೇರಿದ ಸಾವಯವ ಅಂಶದಲ್ಲಿ. ಬೇರು ಸತ್ತರೆ ಹೊಸ ಇಂಗಾಲ ಸೇರುವುದು ನಿಲ್ಲುತ್ತದೆ, ಬಯಲಾದ ಮೇಲ್ಮಣ್ಣು ಕೊಚ್ಚಿ ಹೋಗುತ್ತದೆ. ಇನ್ನೊಂದು ಕಡೆ ದನದ ಹೊಟ್ಟೆಯಿದೆ. 250 ಕಿಲೊ ತೂಗುವ ನಾಟಿ ಹಸು ದಿನಕ್ಕೆ ಸುಮಾರು 6 ಕಿಲೊ ಒಣ ಮೇವು ತಿನ್ನುತ್ತದೆ. ಆ ಮೇವಿನ ಶಕ್ತಿಯಲ್ಲಿ ಶೇ 6.5ರಷ್ಟು ಮೀಥೇನ್ ಆಗಿ ತೇಗಿನಲ್ಲಿ ಹೊರಬರುತ್ತದೆ ಎಂದು ಹಿಡಿದರೆ ದಿನಕ್ಕೆ 130 ಗ್ರಾಂ, ವರ್ಷಕ್ಕೆ 47 ಕಿಲೊ ಆಗುತ್ತದೆ. 100 ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈ ಆಕ್ಸೈಡಿನ 27 ಪಟ್ಟು ಬಿಸಿ ಹಿಡಿಯುತ್ತದೆ. ಅಂದರೆ ಒಂದು ಹಸುವಿನ ಹೆಸರಿಗೆ ವರ್ಷಕ್ಕೆ ಸುಮಾರು 1.27 ಟನ್ ಕಾರ್ಬನ್ ಡೈ ಆಕ್ಸೈಡಿಗೆ ಸಮ.

ಹುಲ್ಲು ಬೆಳೆಸಿದರೆ ಇದೆಲ್ಲ ತೀರಿಹೋಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಮೇಲಿನ 30 ಸೆಂಟಿಮೀಟರ್ ಮಣ್ಣಿನಲ್ಲಿ ಸಾವಯವ ಇಂಗಾಲ ಶೇ 0.5ರಿಂದ 0.6ಕ್ಕೆ ಏರಿದರೆ ಎಕರೆಗೆ ಸುಮಾರು 1.7 ಟನ್ ಇಂಗಾಲ ಕೂಡಿದಂತೆ, ಎಂದರೆ 6 ಟನ್ನಿಗೂ ಸ್ವಲ್ಪ ಹೆಚ್ಚು ಕಾರ್ಬನ್ ಡೈ ಆಕ್ಸೈಡ್. ಒಣ ಸೀಮೆಯಲ್ಲಿ ಇಷ್ಟು ಏರಲು ಹತ್ತು ವರ್ಷ ಹಿಡಿದರೂ ಅದು ಒಳ್ಳೆಯ ಫಲವೇ. ಹಾಗಾದರೆ ವರ್ಷಕ್ಕೆ ಎಕರೆಗೆ 0.6 ಟನ್. ಮಣ್ಣು ತುಂಬಿದ ಮೇಲೆ ಏರಿಕೆ ನಿಲ್ಲುತ್ತದೆ, ಒಂದು ಉಳುಮೆಗೆ ಕೂಡಿಟ್ಟದ್ದು ಕರಗಿಯೂ ಹೋಗುತ್ತದೆ. ಆದ್ದರಿಂದ ಎರಡೂ ತುದಿಯಲ್ಲಿ ಕೆಲಸ ನಡೆಯಬೇಕು: ನೆಲದಡಿ ಬೇರು ಹೆಚ್ಚಬೇಕು, ಮೇಲೆ ಪ್ರತಿ ಲೀಟರ್ ಹಾಲಿಗೆ, ಪ್ರತಿ ಮರಿಗೆ ಬೀಳುವ ಮೀಥೇನ್ ಇಳಿಯಬೇಕು. ಈ ಎರಡಕ್ಕೂ ಬೇಕಾದ್ದು ಸರಿಯಾದ ಹದದಲ್ಲಿ ತಿಂದ ಹುಲ್ಲು.

ನಮ್ಮ ನಾಡಿಗೆ ಇದೇನು ಹೊಸ ವಿದ್ಯೆಯಲ್ಲ. ಮೈಸೂರು ಸೀಮೆಯ ಅಮೃತ್ ಮಹಲ್ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ಋತುವಿಗೆ ತಕ್ಕಂತೆ ದನ ಹೊಡೆಯುತ್ತಿದ್ದರು. ಕಾವಲುಗಳ ವಿಸ್ತಾರ ಕುಗ್ಗುತ್ತಾ ಬಂದಂತೆ ಆ ಕ್ರಮವೂ ಮರೆತುಹೋಯಿತು.

ಮೊದಲು ಜಾಗ ಯಾವುದು, ಎಷ್ಟು

ಗೋಮಾಳ ಸರ್ಕಾರಿ ನೆಲ. ಊರಿನವರು ಸೇರಿ ಕೆಲಸ ಶುರು ಮಾಡುವ ಮೊದಲು ಪಹಣಿ ತೆಗೆಸಿ, ಸರ್ವೆ ನಂಬರಿನ ಮುಂದೆ ಗೋಮಾಳ ಎಂದಿದೆಯೇ ನೋಡಿ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಮೂಲೆಗಳಿಗೆ ಕಲ್ಲು ನೆಡಿಸಿ. ಇದನ್ನು ಬಿಟ್ಟು ಬೇಲಿ ಹಾಕಲು ಹೋದರೆ ಮೊದಲ ವಾರವೇ ಜಗಳ. ಒತ್ತುವರಿ ಇದ್ದರೆ ಅದು ಬೇರೆಯೇ ದಾರಿ, ಬೇರೆಯೇ ವೇಗ. ಅದು ತೀರಲಿ ಎಂದು ಕಾಯದೆ ಉಳಿದ ನೆಲದಲ್ಲಿ ಕೆಲಸ ಶುರುವಾಗಲಿ. ತೀರ್ಮಾನಗಳು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಬೇಕು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಜೊತೆಗಿಟ್ಟುಕೊಳ್ಳಿ.

ಕರ್ನಾಟಕ ಭೂಕಂದಾಯ ನಿಯಮಗಳು (1966) 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು ಎನ್ನುತ್ತವೆ. ಒಂದು ದನಕ್ಕೆ 12 ಗುಂಟೆ. ಇದು ಎಷ್ಟು ದಿನದ ಮೇವು ಎಂದು ಲೆಕ್ಕ ಹಾಕಿ ನೋಡುವುದೇ ಮುಂದಿನ ಕೆಲಸ.

ಹುಲ್ಲು ಅಳೆಯುವುದು

ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಗೋಮಾಳದಲ್ಲಿ ಹತ್ತು ಕಡೆ 2 ಮೀಟರ್ ಉದ್ದಗಲದ ಜಾಗಕ್ಕೆ ಜಾಲಿಮುಳ್ಳು ಒತ್ತಿ ಕಟ್ಟಿ. ಚೆನ್ನಾಗಿರುವ ಕಡೆ ಮಾತ್ರ ಆರಿಸಬೇಡಿ. ಒಂದು ಮೂಲೆಯಿಂದ ಎದುರು ಮೂಲೆಗೆ ನಡೆಯುತ್ತಾ ಸಮ ಅಂತರದಲ್ಲಿ ಗುರುತು ಹಾಕಿ, ಅಲ್ಲಿ ಕಲ್ಲಿದ್ದರೂ ಸರಿ, ಬರಿ ನೆಲವಿದ್ದರೂ ಸರಿ. ಮುಳ್ಳು ಕಟ್ಟದೆ ಅಕ್ಟೋಬರಿನಲ್ಲಿ ಹುಲ್ಲು ಕೊಯ್ದು ತೂಗಿದರೆ ತಿಂದು ಬಿಟ್ಟದ್ದು ಸಿಗುತ್ತದೆಯೇ ಹೊರತು ಬೆಳೆದದ್ದಲ್ಲ.

ಚಿತ್ತೆ ಮಳೆ ಮುಗಿಯುವ ಹೊತ್ತಿಗೆ ಒಂದೊಂದು ಮುಳ್ಳುಗೂಡಿನ ನಡುವೆ 1 ಮೀಟರ್ ಚೌಕ ಇಟ್ಟು, ನಾಲ್ಕು ಬೆರಳು ಬುಡ ಬಿಟ್ಟು ಕುಡುಗೋಲಿನಲ್ಲಿ ಕೊಯ್ಯಿರಿ. ದನ ಮುಟ್ಟದ ಗಿಡ, ಕಳೆ ಬೇರೆ ಹಾಕಿ. ಗೋಣಿಚೀಲದ ಮೇಲೆ ನಾಲ್ಕು ದಿನ ಬಿಸಿಲಿಗೆ ಒಣಗಿಸಿ ತೂಗಿ, ಹತ್ತರ ಸರಾಸರಿ ತೆಗೆಯಿರಿ. ಚದರ ಮೀಟರಿಗೆ 1 ಗ್ರಾಂ ಎಂದರೆ ಎಕರೆಗೆ 4 ಕಿಲೊ. ಸರಾಸರಿ 150 ಗ್ರಾಂ ಬಂದರೆ ಎಕರೆಗೆ 600 ಕಿಲೊ.

ಇದರಲ್ಲಿ ಅರ್ಧ ಮಾತ್ರ ದನದ್ದು. ಉಳಿದರ್ಧ ಬುಡಕ್ಕೆ, ಬೀಜಕ್ಕೆ, ನೆಲದ ಹೊದಿಕೆಗೆ. ಅರ್ಧ ಎನ್ನುವುದು ಬಾಯಿಗೆ ಬಂದ ಸಂಖ್ಯೆಯಲ್ಲ. ಅಮೆರಿಕದ ಎಫ್. ಜೆ. ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಎಲೆಯ ಅರ್ಧದಷ್ಟು ಕತ್ತರಿಸಿದಾಗ ಬೇರಿನ ಬೆಳವಣಿಗೆ ಹೆಚ್ಚುಕಡಿಮೆ ನಡೆದೇ ಇತ್ತು. ಶೇ 80 ಕತ್ತರಿಸಿದಾಗ ಹನ್ನೆರಡು ದಿನ ಬೇರು ಪೂರ್ತಿ ನಿಂತುಹೋಯಿತು. ಬೇರು ನಿಂತ ಹುಲ್ಲು ಮುಂದಿನ ಮಳೆ ತಡವಾದರೆ ಒಣಗುತ್ತದೆ, ಇಂಗಾಲವನ್ನೂ ಕೂಡಿಸುವುದಿಲ್ಲ.

ಈಗ ನಿಯಮದ 30 ಎಕರೆಗೆ ಲೆಕ್ಕ ಹಾಕಿ. ಒಟ್ಟು 18,000 ಕಿಲೊ, ಅರ್ಧ 9,000. ನೂರು ದನ ದಿನಕ್ಕೆ 600 ಕಿಲೊ ತಿನ್ನುತ್ತವೆ. ಹದಿನೈದು ದಿನ! ಕುರಿ ಇದ್ದರೆ ಏಳೆಂಟು ಕುರಿಗೆ ಒಂದು ದನ ಎಂದು ಸೇರಿಸಿ. ದಿನ ಇನ್ನೂ ಕಡಿಮೆಯಾಗುತ್ತದೆ. ಹುಲ್ಲು ಚೇತರಿಸಿ ಇಮ್ಮಡಿಯಾದರೂ ಒಂದು ತಿಂಗಳು. ವರ್ಷವಿಡೀ ಗೋಮಾಳದಲ್ಲೇ ದನ ಮೇಯುತ್ತಿವೆ ಎಂದು ನಮಗೆ ಕಾಣುವುದು ಅವು ಅಲ್ಲಿ ನಿಂತಿರುವುದರಿಂದ. ಹೊಟ್ಟೆ ತುಂಬುವುದು ಹೊಲದ ಬದು, ಕೆರೆಯಂಗಳ, ಕೊಯ್ದ ಕೂಳೆ, ಮನೆಯ ಬಣವೆಯಿಂದ. ಈ ಹದಿನೈದು ದಿನವನ್ನು ಯಾವಾಗ ಖರ್ಚು ಮಾಡುತ್ತೀರಿ ಎಂಬುದರ ಮೇಲೆ ಗೋಮಾಳ ಉಳಿಯುವುದೋ ಅಳಿಯುವುದೋ ನಿಂತಿದೆ.

ನಾಲ್ಕು ಪಾಲು

ನೆಲವನ್ನು ನಾಲ್ಕು ಪಾಲು ಮಾಡಿ. ಎಕರೆ ಸಮ ಇರಬೇಕೆಂದಿಲ್ಲ, ಹುಲ್ಲು ಸಮ ಇದ್ದರೆ ಸಾಕು. ಕಲ್ಲುಗುಡ್ಡದ ಪಾಲು ದೊಡ್ಡದಿರಲಿ, ತಗ್ಗಿನ ಮೆದು ಮಣ್ಣಿನದು ಚಿಕ್ಕದಿರಲಿ. ಪ್ರತಿ ಪಾಲಿಗೂ ನೀರಿನ ದಾರಿ ಬೇಕು.

ತಂತಿಬೇಲಿಗೆ ಹಣ ಸುರಿಯುವುದು ನಮ್ಮ ಅಭಿಪ್ರಾಯದಲ್ಲಿ ಕೊನೆಯ ಮಾತು. ಗಡಿಗೆ ಕತ್ತಾಳೆ ಸಾಲು, ಕಲ್ಲು ಸಿಗುವ ಕಡೆ ಮೊಣಕಾಲೆತ್ತರದ ಕಲ್ಲುಕಟ್ಟೆ, ಒಳಗಿನ ಪಾಲುಗಳ ಗುರುತಿಗೆ ಸುಣ್ಣ ಬಳಿದ ಕಲ್ಲು, ಇವುಗಳ ಜೊತೆಗೆ ಊರು ಸೇರಿ ಸಂಬಳ ಕೊಡುವ ಒಬ್ಬ ಕಾವಲುಗಾರ. ಒಪ್ಪಂದವಿದ್ದ ಊರಲ್ಲಿ ಸುಣ್ಣದ ಕಲ್ಲು ಸಾಕು, ಒಪ್ಪಂದವಿಲ್ಲದ ಊರಲ್ಲಿ ತಂತಿಯನ್ನೂ ಕತ್ತರಿಸುತ್ತಾರೆ. ಸೌರ ಬೇಲಿ ಹಾಕುವುದಾದರೆ ಅದಕ್ಕೆಂದೇ ಮಾಡಿದ, ಕ್ಷಣಮಾತ್ರದ ಶಾಕ್ ಬಿಟ್ಟು ಬಿಟ್ಟು ಕೊಡುವ ಎನರ್ಜೈಸರ್ ಯಂತ್ರ ಬಳಸಿ. ಕಂಬದ ಕರೆಂಟನ್ನು ನೇರ ತಂತಿಗೆ ಕೊಡುವುದು ಕೊಲೆಗೆ ಸಮ, ಅಪರಾಧವೂ ಹೌದು.

ಕುರಿಗಾಹಿಗಳ ಹಳೆಯ ದಾರಿ ಗೋಮಾಳದ ನಡುವೆ ಹೋಗಿದ್ದರೆ ಅದನ್ನು ಮುಚ್ಚಬೇಡಿ. ಮೂವತ್ತು ಅಡಿ ಅಗಲದ ಓಣಿ ಬಿಡಿ, ಎಲ್ಲಿ ಎಷ್ಟು ರಾತ್ರಿ ತಂಗಬಹುದು ಎಂಬುದನ್ನು ಅವರ ಹಿರಿಯರ ಜೊತೆ ಕೂತು ಮಾತಾಡಿ. ಹಿಂಡಿನ ಹಿಂದೆ ನಡೆಯುವ ಕುರುಬರಿಗೆ ಯಾವ ಹುಲ್ಲು ಯಾವ ಮಳೆಗೆ ಏಳುತ್ತದೆ ಎಂಬುದು ಗೊತ್ತಿರುವಷ್ಟು ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ.

ಮಳೆ ನಕ್ಷತ್ರ ಹಿಡಿದು ವರ್ಷದ ಕ್ರಮ

ಭರಣಿಯಿಂದ ಮೃಗಶಿರದವರೆಗೆ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೂರನೆಯ ವಾರದವರೆಗೆ, ನಾಲ್ಕೂ ಪಾಲು ಬಂದ್. ದಿನ ಎಣಿಸುವ ಬದಲು ಮಳೆ ಎಣಿಸುವುದು ಒಳ್ಳೆಯದು: ನೆಲ ಒಂದು ಗೇಣು ಆಳ ನೆನೆಯುವ ಎರಡು ಹದ ಮಳೆ ಬಿದ್ದ ಮೇಲೆ ನಾಲ್ಕು ವಾರ. ಮಳೆ ಆರಿದ್ರಕ್ಕೆ ಹೋದರೆ ಬಂದ್ ಕೂಡ ಪುನರ್ವಸುವಿಗೆ ಹೋಗಬೇಕು. ಒದ್ದೆ ನೆಲದಲ್ಲಿ ದನ ಓಡಾಡಿದರೆ ಗೊರಸಿನಡಿ ಮಣ್ಣು ಗಟ್ಟಿಯಾಗಿ ಮುಂದಿನ ಮಳೆ ಇಂಗದೆ ಹರಿದುಹೋಗುತ್ತದೆ. ಈ ಬಂದ್‌ಗೆ ಅದೂ ಒಂದು ಕಾರಣ.

ಅಲ್ಲಿಂದ ಮುಂದೆ ಮೂರು ಪಾಲಿನಲ್ಲಿ ಸರದಿ. ಎತ್ತರದ ಹುಲ್ಲು ಒಂದು ಗೇಣು ಬಂದಾಗ ದನ ಬಿಡಿ, ನಾಲ್ಕು ಬೆರಳು ಉಳಿದಾಗ ಎಬ್ಬಿಸಿ. ಗರಿಕೆಯೇ ಹೆಚ್ಚಿರುವ ಕಡೆ ಅರ್ಧ ಗೇಣಿಗೆ ಬಿಟ್ಟು ಎರಡು ಬೆರಳಿಗೆ ಎಬ್ಬಿಸಬಹುದು. ನೆಲದಗಲ ಬಳ್ಳಿ ಹರಡುವ ಗರಿಕೆ ಮೇಯುವುದನ್ನು ಬುಡಗಟ್ಟುವ ಹುಲ್ಲಿಗಿಂತ ಚೆನ್ನಾಗಿ ತಡೆಯುತ್ತದೆ. ನೂರು ದನದ ಹಿಂಡಿಗೆ ಏಳೆಂಟು ಎಕರೆಯ ಪಾಲು ಎರಡು ದಿನ, ಹೆಚ್ಚೆಂದರೆ ನಾಲ್ಕು ದಿನ. ಚಿಕ್ಕ ಹಿಂಡಾದರೂ ಒಂದು ವಾರ ಮೀರಬಾರದು. ಯಾಕೆಂದರೆ ಒಳ್ಳೆ ಮಳೆಯಿದ್ದಾಗ ಕಚ್ಚಿದ ಹುಲ್ಲು ಒಂದು ವಾರದೊಳಗೆ ಮತ್ತೆ ಎಲೆ ಹೊರಡಿಸುತ್ತದೆ, ದನ ಹಳೆ ಹುಲ್ಲು ಬಿಟ್ಟು ಆ ಎಳೆಯದನ್ನೇ ಹುಡುಕಿ ಎರಡನೆಯ ಸಲ ಕಚ್ಚುತ್ತದೆ. ಪಾಲು ದೂರದಿಂದ ಹಸಿರಾಗೇ ಕಾಣುತ್ತದೆ, ರುಚಿಯಾದ ಬುಡಗಳು ಮಾತ್ರ ಒಂದೊಂದಾಗಿ ಸಾಯುತ್ತಿರುತ್ತವೆ.

ಒಂದು ಪಾಲು ಮೇಯಿಸಿದ ಮೇಲೆ ಮತ್ತೆ ಅಲ್ಲಿಗೆ ಬರಲು ಹದ ಮಳೆಯಿದ್ದರೆ 35ರಿಂದ 45 ದಿನ, ಮಳೆ ಕೈಕೊಟ್ಟರೆ 60 ದಿನ, ಇನ್ನೂ ಕೈಕೊಟ್ಟರೆ ಬರಲೇಬೇಡಿ. ಹುಲ್ಲು ನಿಧಾನ ಬೆಳೆಯುವಾಗ ಹಿಂಡು ನಿಧಾನ ತಿರುಗಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಮೇವು ಕಡಿಮೆಯಾದಾಗ ಬೇಗ ಬೇಗ ಪಾಲು ಬದಲಿಸುತ್ತಾರೆ, ಒಂದು ತಿಂಗಳಲ್ಲಿ ನಾಲ್ಕೂ ಪಾಲು ಬೋಳಾಗುತ್ತವೆ.

ನಾಲ್ಕನೆಯ ಪಾಲಿಗೆ ಆ ವರ್ಷ ಪೂರ್ತಿ ಬಿಡುವು. ಉತ್ತರೆ, ಹಸ್ತದ ಮಳೆಗೆ ತೆನೆ ಬಂದು, ನವೆಂಬರಿನಲ್ಲಿ ಬೀಜ ಉದುರಿ, ಬುಡ ಬೇರಿಗೆ ಸತ್ವ ಇಳಿಸಿಕೊಳ್ಳಲಿ. ಡಿಸೆಂಬರ್ ನಂತರ ಒಣಗಿ ನಿಂತ ಕರಡವನ್ನು ಎತ್ತು, ಬತ್ತಿದ ಹಸುಗಳಿಗೆ ಮೇಯಿಸಬಹುದು. ಆಗ ಬುಡಕ್ಕೆ ತೊಂದರೆಯಿಲ್ಲ, ಗೊರಸು ಉದುರಿದ ಬೀಜವನ್ನು ಮಣ್ಣಿಗೆ ತುಳಿಯುತ್ತದೆ. ಮುಂದಿನ ವರ್ಷ ಬಿಡುವು ಇನ್ನೊಂದು ಪಾಲಿಗೆ. ನಾಲ್ಕು ವರ್ಷಕ್ಕೊಮ್ಮೆ ಪ್ರತಿ ಪಾಲೂ ಬೀಜ ಉದುರಿಸಿರುತ್ತದೆ.

ಒಂದು ಕಿವಿಮಾತು: ಆಡಿನವರು, ಜಮೀನಿಲ್ಲದವರು ಈ ಬಂದ್‌ನಲ್ಲಿ ಹೆಚ್ಚು ಕಳೆದುಕೊಳ್ಳುತ್ತಾರೆ. ಬಿಡುವಿನ ಪಾಲಿನಿಂದ ತಲೆಹೊರೆಯಲ್ಲಿ ಹುಲ್ಲು ಕೊಯ್ದೊಯ್ಯುವ ಹಕ್ಕನ್ನು ಮೊದಲು ಅವರಿಗೆ ಬರೆದುಕೊಡಿ. ಇಲ್ಲದಿದ್ದರೆ ರಾತ್ರಿ ಮೇಯಿಸುತ್ತಾರೆ, ಹಾಗೆ ಮೇಯಿಸಿದರೆ ಅವರನ್ನು ದೂರುವಂತೆಯೂ ಇಲ್ಲ.

ಬಂದ್ ಇರುವ ದಿನಗಳಿಗೆ ಮೇವು

ಐವತ್ತು ದಿನ ಗೋಮಾಳ ಮುಚ್ಚಿದರೆ ಒಂದು ಹಸುವಿಗೆ 300 ಕಿಲೊ ಒಣ ಮೇವು ಬೇಕು. ಇದನ್ನು ಜನವರಿಯಲ್ಲೇ ಲೆಕ್ಕ ಹಾಕಿ ಬಣವೆಯಲ್ಲಿ ಗುರುತು ಹಾಕದಿದ್ದರೆ ಮೇ ತಿಂಗಳಲ್ಲಿ ಯಾವ ಒಪ್ಪಂದವೂ ನಿಲ್ಲುವುದಿಲ್ಲ. ರಾಗಿ ಹುಲ್ಲು ಇದ್ದವರು ಪುಣ್ಯವಂತರು. ಭತ್ತದ ಹುಲ್ಲು, ಒಣಗಿದ ಜೋಳದ ಸೊಪ್ಪೆ ಮಾತ್ರ ಇದ್ದವರು ಯೂರಿಯಾ ಉಪಚಾರ ಮಾಡಿಕೊಳ್ಳಬಹುದು: 100 ಕಿಲೊ ಹುಲ್ಲಿಗೆ 4 ಕಿಲೊ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಹುಲ್ಲು ಹಾಸಿ ರೋಸ್ ಕ್ಯಾನಿನಲ್ಲಿ ಚಿಮುಕಿಸಿ, ತುಳಿದು ಗಾಳಿ ಹೊರಡಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ 21 ದಿನ ಬಿಡಿ. ಕೊಡುವ ಮುನ್ನ ಒಂದೆರಡು ಗಂಟೆ ಹರಡಿ ಅಮೋನಿಯಾ ಘಾಟು ಹೋಗಿಸಿ. ಮೊದಲ ವಾರ ಬೇರೆ ಹುಲ್ಲಿಗೆ ಬೆರೆಸಿ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡವೇ ಬೇಡ. ಯೂರಿಯಾ ಕಲಸಿದ ನೀರು ಉಳಿದ ಬಕೆಟ್ಟನ್ನು ಕೊಟ್ಟಿಗೆಯಲ್ಲಿ ಬಿಡಬೇಡಿ. ಬಾಯಾರಿದ ಹಸು ಅದನ್ನು ಕುಡಿದರೆ ಸಾಯುತ್ತದೆ.

ಬದುಗಳ ಮೇಲೆ ಗ್ಲಿರಿಸಿಡಿಯ, ಅಗಸೆ, ಸುಬಾಬುಲ್ ಮರಗಳನ್ನು ಬೆಳೆಸಿಕೊಂಡರೆ ಒಣ ಹುಲ್ಲಿನ ಜೊತೆ ದಿನಕ್ಕೆ ನಾಲ್ಕೈದು ಕಿಲೊ ಹಸಿ ಸೊಪ್ಪು ಸಿಗುತ್ತದೆ, ಒಣ ಹುಲ್ಲು ಅರಗುವುದೂ ಸುಧಾರಿಸುತ್ತದೆ. ಸುಬಾಬುಲ್ ಒಂದನ್ನೇ ಹೊಟ್ಟೆ ತುಂಬ ಕೊಟ್ಟರೆ ಕೂದಲುದುರುತ್ತದೆ. ಮೂರರಲ್ಲಿ ಒಂದು ಪಾಲಿನೊಳಗಿರಲಿ.

ಪೊದೆ, ಕಳೆ, ಬೀಜ

ಬಳ್ಳಾರಿ ಜಾಲಿಯನ್ನು ಬುಡಕ್ಕೆ ಕಡಿದರೆ ಒಂದಕ್ಕೆ ಹತ್ತು ಕವಲು ಬರುತ್ತವೆ. ಚಿಕ್ಕ ಗಿಡವನ್ನು ಮಳೆಗಾಲದಲ್ಲಿ ಬೇರು ಸಮೇತ ಕೀಳಿ. ದೊಡ್ಡದಾದರೆ ಬುಡದ ಸುತ್ತ ಅಗೆದು, ನೆಲಮಟ್ಟಕ್ಕಿಂತ ಒಂದು ಅಡಿ ಕೆಳಗೆ ಬೇರು ಕಡಿಯಿರಿ, ಚಿಗುರುವ ಕಣ್ಣುಗಳಿರುವುದು ಅದಕ್ಕೂ ಮೇಲಿನ ಭಾಗದಲ್ಲಿ. ಅದರ ಕಾಯಿ ಸಿಹಿ, ದನಕುರಿ ಇಷ್ಟಪಟ್ಟು ತಿಂದು ಸಗಣಿಯಲ್ಲಿ ಬೀಜ ಬಿತ್ತುತ್ತವೆ. ಕಾಯಿ ಬಿಡುವ ಕಾಲದಲ್ಲಿ ಜಾಲಿಯ ಕಡೆ ಮೇಯಿಸಿದ ಹಿಂಡನ್ನು ನೇರ ಗೋಮಾಳಕ್ಕೆ ತರಬೇಡಿ. ಲಂಟಾನಕ್ಕೆ ಇಷ್ಟು ಅಗೆತ ಬೇಡ: ನೆಲದಿಂದ ಎರಡು ಬೆರಳು ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಟ್ಟರೆ ಮತ್ತೆ ಬೇರೂರುವುದಿಲ್ಲ. ಕಾಂಗ್ರೆಸ್ ಕಳೆಯನ್ನು ಹೂ ಬರುವ ಮುಂಚೆ, ಕೈಗೆ ಚೀಲ ಕಟ್ಟಿಕೊಂಡು ಕೀಳಬೇಕು. ಅದರ ಎಲೆ ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984ರಲ್ಲೇ ಬೆಂಗಳೂರಿನಲ್ಲಿ ಬಿಡಲಾಗಿತ್ತು. ಮಳೆಗಾಲದಲ್ಲಿ ಕಳೆಯ ಮೇಲೆ ಪಟ್ಟೆ ಪಟ್ಟೆಯ ಚಿಕ್ಕ ದುಂಬಿ ಕಂಡರೆ ಅಲ್ಲಿ ಔಷಧಿ ಹೊಡೆಯಬೇಡಿ.

ಪೊದೆ ಕಿತ್ತ ಗುಂಡಿಗೆ ಅದೇ ದಿನ ಹುಲ್ಲಿನ ಬೀಜ ಬೀಳಬೇಕು. ಖಾಲಿ ಬಿಟ್ಟ ಗುಂಡಿ ಕಾಂಗ್ರೆಸ್ ಕಳೆಯ ಪಾಲು.

ಬೀಜಕ್ಕೆ ಮೊದಲ ಆಯ್ಕೆ ಬಿಡುವಿನ ಪಾಲಿನಲ್ಲಿ ಕೈಯಿಂದ ಸವರಿದ ಊರಿನದೇ ಹುಲ್ಲಿನ ಬೀಜ. ಸಾಲದಿದ್ದರೆ ಹೆಕ್ಟೇರಿಗೆ ಅಂಜನ್ ಹುಲ್ಲು 4-5 ಕಿಲೊ, ಜೊತೆಗೆ ಸ್ಟೈಲೊ ಹಮಾಟ ಎಂಬ ದ್ವಿದಳ ಮೇವಿನ ಬೀಜ 4 ಕಿಲೊ. ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ತಳಿಯ ವಿಚಾರ ಕೇಳಬಹುದು. ಆ ವರ್ಷವೇ ಕೊಯ್ದ ಅಂಜನ್ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಆರೆಂಟು ತಿಂಗಳು ನಿದ್ದೆ ಮಾಡುತ್ತದೆ. ನವೆಂಬರಿನದನ್ನು ಮುಂದಿನ ಜೂನ್–ಜುಲೈಗೆ ಬಳಸಿ. ಸ್ಟೈಲೊ ಬೀಜದ ಸಿಪ್ಪೆ ಗಟ್ಟಿ. ನೀರು ಕುದಿಯುವ ಮೊದಲೇ, 80 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸಿ, ಬಟ್ಟೆಯಲ್ಲಿ ಕಟ್ಟಿದ ಬೀಜವನ್ನು ನಾಲ್ಕು ನಿಮಿಷ ಅದ್ದಿ ತಣ್ಣೀರಿಗೆ ಹಾಕಿ, ರಾತ್ರಿ ನೆನೆಸಿ, ನೆರಳಲ್ಲಿ ಆರಿಸಿ. ಕುದಿವ ನೀರಿಗೆ ಹಾಕಿದರೆ ಬೀಜ ಬೆಂದೇ ಹೋಗುತ್ತದೆ.

ಉಳಬೇಡಿ. ಟ್ರ್ಯಾಕ್ಟರ್ ಹೊಡೆದು ಹದ ಮಾಡಿ ಬಿತ್ತುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಉಳುಮೆ ಮಾಡಿದರೆ ಬೇರು ಹಿಡಿದಿಟ್ಟ ಇಂಗಾಲ ಗಾಳಿಗೆ ಹೋಗುತ್ತದೆ, ಇದ್ದ ಬುಡಗಳೂ ಏಳುತ್ತವೆ. ಬೋಳಾದ ಕಡೆ ಮಾತ್ರ ಒಂದೂವರೆ ಅಡಿ ಅಂತರದಲ್ಲಿ ಗೀರು ಎಳೆದು, ಬೀಜಕ್ಕೆ ಮರಳು, ಪುಡಿ ಗೊಬ್ಬರ ಬೆರೆಸಿ ಉದುರಿಸಿ, ಮುಳ್ಳುಕೊಂಬೆ ಎಳೆದು ಮುಚ್ಚಿ. ಆಳ ಒಂದು ಸೆಂಟಿಮೀಟರ್ ಮೀರಬಾರದು. ಇಳಿಜಾರಿದ್ದರೆ ಸಮಪಾತಳಿಯಲ್ಲಿ ಕಲ್ಲಿನ ಸಾಲು ಜೋಡಿಸಿ. ಮೇಲ್ಬದಿಯಲ್ಲಿ ನಿಂತ ಹೂಳಿನಲ್ಲಿ ಹುಲ್ಲು ತಾನಾಗಿ ಏಳುತ್ತದೆ. ಬಿತ್ತಿದ ಜಾಗಕ್ಕೆ ಒಂದು ಪೂರ್ತಿ ವರ್ಷ ದನ ಬಿಡುವಂತಿಲ್ಲ.

ಇಂಗಾಲದ ಹೆಸರಲ್ಲಿ ಗೋಮಾಳಕ್ಕೆ ನೀಲಗಿರಿ, ಅಕೇಶಿಯಾ ನೆಡುವ ಯೋಜನೆ ಬಂದರೆ ಬೇಡ ಎನ್ನಿ. ನೆರಳಿಗೆ ಎಕರೆಗೆ ಎಂಟು-ಹತ್ತು ಬೇವು, ಬನ್ನಿ, ನಾಟಿ ಜಾಲಿ, ಎಲಚಿ ಸಾಕು. ದಟ್ಟ ನೆಡುತೋಪಿನಡಿ ಹುಲ್ಲು ಬೆಳೆಯುವುದಿಲ್ಲ, ಬಯಲನ್ನೇ ನಂಬಿದ ಕೃಷ್ಣಮೃಗಕ್ಕೂ ಎರೆಭೂತ ಹಕ್ಕಿಗೂ ಅಲ್ಲಿ ಜಾಗವಿಲ್ಲ. ಮರದ ಇಂಗಾಲ ಒಂದು ಕೊಡಲಿಗೆ, ಒಂದು ಬೆಂಕಿಗೆ ಹೋಗುತ್ತದೆ.

ಬೆಂಕಿ ಮತ್ತು ಒಣಹುಲ್ಲು

ಫೆಬ್ರವರಿ–ಮಾರ್ಚಿನಲ್ಲಿ ಕರಡಕ್ಕೆ ಬೆಂಕಿ ಇಡುವುದಕ್ಕೂ ಕಾರಣವಿದೆ: ಒರಟು ಕಡ್ಡಿ ಹೋಗಿ ಎಳೆ ಚಿಗುರು ಬರುತ್ತದೆ. ಆದರೆ ಬೆಂಕಿಯಲ್ಲಿ ಮೀಥೇನ್, ನೈಟ್ರಸ್ ಆಕ್ಸೈಡ್ ಹೊರಡುತ್ತವೆ, ನೆಲ ಮೂರು ತಿಂಗಳು ಬೋಳಾಗಿ ಮೊದಲ ಬಿರುಮಳೆಗೆ ಬೂದಿಯ ಜೊತೆ ಮಣ್ಣೂ ಹೋಗುತ್ತದೆ. ಒರಟು ಕಡ್ಡಿಯಾಗುವ ಮೊದಲೇ ಕೊಯ್ದರೆ ಬೆಂಕಿಯ ಅಗತ್ಯವೇ ಬೀಳುವುದಿಲ್ಲ. ಸರದಿಯ ಪಾಲಿನಲ್ಲಿ ಮೇದು ಮಿಕ್ಕ ಹುಲ್ಲನ್ನು ಅರ್ಧದಷ್ಟು ಗಿಡ ಹೂವಿಗೆ ಬಂದಾಗ ಕೊಯ್ಯಿರಿ, ಬಿಸಿಲು ನೋಡಿ ಎರಡು ದಿನ ಮಗುಚಿ ಒಣಗಿಸಿ ಬಣವೆ ಹಾಕಿ. ಬೀಜ ಉದುರಿದ ಮೇಲೆ ಕೊಯ್ದ ಕರಡದಲ್ಲಿ ಪ್ರೋಟೀನ್ ಅರ್ಧಕ್ಕಿಳಿದಿರುತ್ತದೆ, ನಾರು ಹೆಚ್ಚಿರುತ್ತದೆ. ಅಂಥ ಹುಲ್ಲು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಕೊಳೆಯುತ್ತದೆ, ಹಾಲು ಕಡಿಮೆ, ತೇಗು ಹೆಚ್ಚು. ಒಂದೇ ಹುಲ್ಲನ್ನು ಒಂದು ತಿಂಗಳು ಮುಂಚೆ ಕೊಯ್ಯುವುದು ಖರ್ಚಿಲ್ಲದ ಮೀಥೇನ್ ಔಷಧಿ.

ಡಿಸೆಂಬರಿನಲ್ಲಿ ಗಡಿಯುದ್ದಕ್ಕೂ, ರಸ್ತೆ ಬದಿಯಲ್ಲಿ ಮುಖ್ಯವಾಗಿ, ಹತ್ತು-ಹದಿನೈದು ಅಡಿ ಅಗಲ ಹುಲ್ಲು ಸವರಿ ಬೆಂಕಿಗಡಿ ಮಾಡಿ. ಸವರಿದ್ದನ್ನು ಅಲ್ಲೇ ಬಿಡದೆ ಕೊಟ್ಟಿಗೆಗೆ ಸಾಗಿಸಿ.

ನೀರಿನ ತೊಟ್ಟಿ ಪಾಲಿನಿಂದ ಒಂದು ಕಿಲೋಮೀಟರಿನೊಳಗಿರಲಿ, ದನಕ್ಕೆ ದಿನಕ್ಕೆ 40 ಲೀಟರ್ ಲೆಕ್ಕ. ಉಪ್ಪಿನ ಇಟ್ಟಿಗೆಯನ್ನು ತೊಟ್ಟಿಯ ಹತ್ತಿರ ಇಡದೆ ಪಾಲಿನ ದೂರದ ತುದಿಗೆ ಇಡಿ, ಹಿಂಡು ಹರಡಿ ಮೇಯುತ್ತದೆ.

ಹಿಂಡಿನ ಲೆಕ್ಕ

ದಿನಕ್ಕೆ 2 ಲೀಟರ್ ಕೊಡುವ ಎರಡು ಹಸುವಿಗಿಂತ 4 ಲೀಟರಿನ ಒಂದು ಹಸು ಹಾಲಿನ ಲೀಟರಿಗೆ ಬಹಳ ಕಡಿಮೆ ಮೀಥೇನ್ ಬಿಡುತ್ತದೆ, ಯಾಕೆಂದರೆ ಮೇವಿನ ದೊಡ್ಡ ಭಾಗ ಮೈ ಕಾಪಾಡಿಕೊಳ್ಳಲಿಕ್ಕೇ ಹೋಗುತ್ತದೆ. ದನ ಕಡಿಮೆ ಮಾಡಿ ಎನ್ನುವುದು ಸುಲಭ. ಮುದಿ ದನವನ್ನು, ಗಂಡುಕರುವನ್ನು ಏನು ಮಾಡುವುದು ಎಂಬ ಪ್ರಶ್ನೆ ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಂದ ನಂತರ ಇನ್ನೂ ಬಿಗಿಯಾಗಿದೆ. ಆದ್ದರಿಂದ ಹುಟ್ಟುವ ಕಡೆಯೇ ಹಿಡಿತ ಬೇಕು. ಲಿಂಗ ನಿರ್ಧರಿತ ವೀರ್ಯದಲ್ಲಿ ಹತ್ತರಲ್ಲಿ ಒಂಬತ್ತು ಹೆಣ್ಣುಕರು ನಿರೀಕ್ಷಿಸಬಹುದು. ಬೆದೆ ತಪ್ಪಿಸದೆ ಗಬ್ಬ ಕಟ್ಟಿಸಿ ಕರಾವಿನ ನಡುವಿನ ಖಾಲಿ ತಿಂಗಳು ಇಳಿಸಿ. ಮಳೆಗಾಲದ ಮುಂಚೆ ಜಂತುನಾಶಕ, ಕಾಲುಬಾಯಿ ಲಸಿಕೆ, ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ. ಕುರಿಯವರು ಟಗರುಮರಿಗಳನ್ನು ಆರು ತಿಂಗಳಿಗೆ ಮಾರಿದರೆ ಬೇಸಿಗೆಯ ಹುಲ್ಲೂ ಉಳಿಯುತ್ತದೆ; ಹಬ್ಬದ ಬೆಲೆಗೆಂದು ಇಟ್ಟುಕೊಳ್ಳುವುದಾದರೆ ಕಟ್ಟಿ ಮೇಯಿಸಿ, ಗೋಮಾಳಕ್ಕೆ ಬಿಡಬೇಡಿ.

ಬೆಂಗಳೂರಿನ ರಾಷ್ಟ್ರೀಯ ಪಶುಪೋಷಣಾ ಸಂಸ್ಥೆ ಟ್ಯಾನಿನ್ (ಒಗರಿನ ಅಂಶ) ಇರುವ ಸಸ್ಯಗಳಿಂದ ಮಾಡಿದ ಹರಿತ್ ಧಾರಾ ಎಂಬ ಪೂರಕ ಆಹಾರ ಮೀಥೇನನ್ನು ಶೇ 17ರಿಂದ 20ರಷ್ಟು ಇಳಿಸುತ್ತದೆ ಎಂದು ಹೇಳಿದೆ. ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ದನಕ್ಕೆ ಇಂಥವು ಉಪಯೋಗ. ದಿನವಿಡೀ ಬಯಲಲ್ಲಿರುವ ಹಿಂಡಿಗೆ ದಿನಾ ತಿನ್ನಿಸುವುದು ಕಷ್ಟ.

ಕೊಯ್ಲಾದ ಹೊಲದಲ್ಲಿ ಕುರಿ ತರುಬಿಸುವುದನ್ನು, ಅಂದರೆ ಗೊಬ್ಬರಕ್ಕಾಗಿ ರಾತ್ರಿ ಹಿಂಡು ನಿಲ್ಲಿಸುವುದನ್ನು, ಬಿಡಬೇಡಿ. 45 ಕಿಲೊ ಯೂರಿಯಾ ಚೀಲವೊಂದರಲ್ಲಿ ಸುಮಾರು 20 ಕಿಲೊ ಸಾರಜನಕ. ಅದರ ಶೇ 1 ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ ಎಂದು ಹಿಡಿದರೂ 90 ಕಿಲೊ ಕಾರ್ಬನ್ ಡೈ ಆಕ್ಸೈಡಿಗೆ ಸಮ, ಚೀಲ ತಯಾರಿಸಿದ ಲೆಕ್ಕ ಬೇರೆ. ಹಿಕ್ಕೆ, ಗಂಜಲದಲ್ಲೂ ನೈಟ್ರಸ್ ಆಕ್ಸೈಡ್ ಬರುತ್ತದೆ, ಆದರೆ ಅದು ಕುರಿ ಎಲ್ಲೇ ನಿಂತರೂ ಬರುವಂಥದ್ದು. ಹೊಲದಲ್ಲಿ ನಿಂತರೆ ಒಂದು ಚೀಲ ಕೊಳ್ಳುವುದು ತಪ್ಪುತ್ತದೆ. ತರುಬಿದ ಮರುದಿನವೇ ಹೊಲವನ್ನು ಹಗುರಾಗಿ ಕುಂಟೆ ಹೊಡೆದು ಮುಚ್ಚಿದರೆ ಅಮೋನಿಯಾ ಹಾರಿಹೋಗುವುದು ಕಡಿಮೆ.

ಫಲ ಕಾಣುವುದು ಹೇಗೆ

ಮಣ್ಣಿನ ಇಂಗಾಲ ವರ್ಷ ವರ್ಷ ಪರೀಕ್ಷೆ ಮಾಡಿಸಿದರೆ ಹಣ ದಂಡ. ವ್ಯತ್ಯಾಸ ಕಾಣುವಷ್ಟು ಬದಲಾಗಿರುವುದಿಲ್ಲ. ಐದು ವರ್ಷಕ್ಕೊಮ್ಮೆ, ಅದೇ ತಿಂಗಳು, ಅದೇ ಗುರುತಿನ ಜಾಗಗಳಲ್ಲಿ 0–15 ಮತ್ತು 15–30 ಸೆಂಟಿಮೀಟರ್ ಆಳದ ಮಾದರಿ ಬೇರೆ ಬೇರೆ ತೆಗೆಸಿ. ಮಣ್ಣಿನ ಸಾಂದ್ರತೆಯನ್ನೂ ಅಳೆಸಿ, ಇಲ್ಲದಿದ್ದರೆ ಶೇಕಡಾ ಸಂಖ್ಯೆಯಿಂದ ಟನ್ ಲೆಕ್ಕ ಬರುವುದಿಲ್ಲ.

ವರ್ಷ ವರ್ಷಕ್ಕೆ ಎರಡು ಪರೀಕ್ಷೆ ಸಾಕು. ಒಂದು: ನೇರ ನೂರು ಹೆಜ್ಜೆ ನಡೆದು ಪ್ರತಿ ಹೆಜ್ಜೆಯಲ್ಲಿ ಹೆಬ್ಬೆರಳ ತುದಿಗೆ ಸಿಕ್ಕಿದ್ದು ಬುಡದ ಹುಲ್ಲೇ, ಕಳೆಯೇ, ಒಣ ಕಸವೇ, ಬರಿ ನೆಲವೇ ಬರೆಯಿರಿ, ಅದೇ ಶೇಕಡಾ. ಬರಿ ನೆಲ ಇಳಿಯುತ್ತಿದ್ದರೆ ದಾರಿ ಸರಿಯಿದೆ. ಎರಡು: 15 ಸೆಂಟಿಮೀಟರ್ ಅಗಲದ ಪೈಪಿನ ತುಂಡನ್ನು ನೆಲಕ್ಕೆ ಎರಡು ಬೆರಳು ಬಡಿದು, 450 ಮಿಲಿಲೀಟರ್ ನೀರು ಸುರಿದು ಇಂಗುವ ಸಮಯ ನೋಡಿ. ಅದು ಒಂದು ಅಂಗುಲ ಮಳೆಗೆ ಸಮ. ಮೊದಲ ಸಲದ್ದು ನೆಲ ನೆನೆಯಲಿಕ್ಕೆ, ಎರಡನೆಯ ಸಲದ್ದನ್ನು ಬರೆದುಕೊಳ್ಳಿ. ದನದ ಹಾದಿಯಲ್ಲೂ ಬಿಡುವಿನ ಪಾಲಿನಲ್ಲೂ ಅಕ್ಕಪಕ್ಕ ಮಾಡಿ ತೋರಿಸಿದರೆ ಗ್ರಾಮಸಭೆಯಲ್ಲಿ ಭಾಷಣ ಬೇಕಾಗುವುದಿಲ್ಲ.

ಕಾರ್ಬನ್ ಕ್ರೆಡಿಟ್, ಅಂದರೆ ಮಣ್ಣಲ್ಲಿ ಕೂಡಿಟ್ಟ ಇಂಗಾಲಕ್ಕೆ ಹಣ, ಕೊಡಿಸುತ್ತೇವೆ ಎಂದು ಬಂದವರ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಕೇಳಿ: ಎಷ್ಟು ವರ್ಷ ಕಟ್ಟುಪಾಡು, ನಡುವೆ ಬೆಂಕಿ ಬಿದ್ದರೆ ಯಾರ ತಲೆಗೆ, ಅಳೆಯುವ ಖರ್ಚು ಕಳೆದು ಊರಿಗೆ ಎಷ್ಟು. ಗೋಮಾಳದ ಮಾಲೀಕ ಸರ್ಕಾರ. ಅದರ ಇಂಗಾಲವನ್ನು ಮಾರಲು ಪಂಚಾಯಿತಿಗಾಗಲಿ ಸಂಘಕ್ಕಾಗಲಿ ತಾನಾಗಿ ಹಕ್ಕು ಬರುವುದಿಲ್ಲ.

ಬರದ ವರ್ಷ

ಬರ ಬಂದಾಗ ಏನು ಮಾಡುವುದೆಂದು ಒಳ್ಳೆ ವರ್ಷದಲ್ಲೇ ಬರೆದಿಡಿ. ಮಘೆ ಮಳೆ ಕಳೆಯುವವರೆಗೆ, ಅಂದರೆ ಆಗಸ್ಟ್ ಕೊನೆಯವರೆಗೆ, ಕಾದು, ಆಗಲೂ ಹುಲ್ಲು ಅರ್ಧ ಗೇಣು ದಾಟದಿದ್ದರೆ ಆ ವರ್ಷ ಸರದಿಯಿಲ್ಲ. ಮೊದಲು ಹೊರಗಿನ ಹಿಂಡುಗಳಿಗೆ ಮುಂಚಿತವಾಗಿ ಹೇಳಿ ಕಳಿಸಿ, ದಾರಿ ಬದಲಿಸಿಕೊಳ್ಳಲು ಸಮಯ ಸಿಗಲಿ. ಆಮೇಲೆ ಟಗರುಮರಿ, ಹೋತಮರಿಗಳನ್ನು ಬೆಲೆ ಬೀಳುವ ಮೊದಲೇ ಮಾರಿ. ದನಗಳನ್ನು ನಾಲ್ಕರಲ್ಲಿ ಅತಿ ಕೆಟ್ಟ ಪಾಲು ಒಂದಕ್ಕೆ ಸೀಮಿತ ಮಾಡಿ, ಅಲ್ಲೇ ಒಣ ಮೇವು ಹಾಕಿ. ಆ ಪಾಲು ಹಾಳಾಗುತ್ತದೆ, ಉಳಿದ ಮೂರು ಬದುಕುತ್ತವೆ. ಹಿಂಗಾರು ಚೆನ್ನಾಗಿ ಹುಯ್ದರೂ ಆ ಮೂರಕ್ಕೆ ಸಂಕ್ರಾಂತಿ ಮುಗಿಯುವವರೆಗೆ ದನ ಬಿಡಬೇಡಿ. ಹಾಳಾದ ಪಾಲಿಗೆ ಮುಂದಿನ ಮುಂಗಾರಿನಲ್ಲಿ ಬೀಜ ಹಾಕಿ, ವರ್ಷದ ಬಿಡುವಿನ ಸರದಿಯನ್ನು ಅದಕ್ಕೇ ಕೊಡಿ.